ಕೊತ್ತಂಬರಿ ತೊಳೆದ ನೀರನ್ನೂ ಒಮ್ಮೆ ಪರೀಕ್ಷಿಸಿ

ಮುಂಬಯಿ ಮತ್ತು ಪುಣೆಯ ವಿಶ್ವವಿದ್ಯಾಲಯಗಳ ಆಹಾರ ತಂತ್ರಜ್ಞಾನ ಹಾಗೂ ಸೂಕ್ಷ್ಮಜೀವಶಾಸ್ತ್ರ ವಿಭಾಗಗಳ ಮುಖ್ಯಸ್ಥರಿಗೆ ಒಂದು ಬಹಿರಂಗ ಪತ್ರ

ಮಾನ್ಯರೇ,

ಮುಂಬಯಿಯ ಉಡುಪಿ ಹೋಟೆಲಿನಲ್ಲಿ ಬೆಳಗಿನ ಇಡ್ಲಿ ಹಬೆಯಲ್ಲಿ ಬೇಯುತ್ತದೆ, ವಡೆ ಎಣ್ಣೆಯಲ್ಲಿ ಕರಿಯುತ್ತದೆ, ಸಾಂಬಾರು ಕುದಿಯುತ್ತದೆ, ಕಾಫಿಗೆ ಹಾಲು ಉಕ್ಕುತ್ತದೆ. ಆ ತಟ್ಟೆಯಲ್ಲಿ ಬೆಂಕಿಯನ್ನೇ ಕಾಣದೆ ಗಿರಾಕಿಯ ಬಾಯಿಗೆ ಹೋಗುವುದು ಒಂದೇ ಪದಾರ್ಥ, ಹಸಿರು ಚಟ್ನಿ. ಕೊತ್ತಂಬರಿ, ಹಸಿಮೆಣಸು, ಕಾಯಿ, ಹುರಿಗಡಲೆ, ನೀರು. ಇದರಲ್ಲಿ ಬಿಸಿ ಕಂಡದ್ದು ಹುರಿಗಡಲೆ ಮಾತ್ರ. ಹೀಗಾಗಿ ಕೊತ್ತಂಬರಿ ತೊಳೆಯುವ ಟಬ್ಬೇ ಆ ಹೋಟೆಲಿನ ಏಕೈಕ ರಕ್ಷಣೆ. ಆ ಟಬ್ಬಿನೊಳಗೆ ಏನು ನಡೆಯುತ್ತದೆ ಎನ್ನುವುದರ ಬಗ್ಗೆ ನಮ್ಮ ಊರಿನ ಎಲೆ, ನಮ್ಮ ಊರಿನ ನೀರು, ನಮ್ಮ ಊರಿನ ಸೆಕೆ ಇಟ್ಟುಕೊಂಡು ಮಾಡಿದ, ಅಡುಗೆಮನೆಯಲ್ಲಿ ಬಳಸಬಹುದಾದ ಒಂದು ಕೋಷ್ಟಕ ಬೇಕು. ಅದನ್ನು ಕೇಳುವುದಕ್ಕೇ ಈ ಪತ್ರ.

ಬರೆಯುತ್ತಿರುವವರು ಮುಂಬಯಿ, ನವಿ ಮುಂಬಯಿ, ಪುಣೆಗಳ ಹೋಟೆಲ್ ಅಡುಗೆಮನೆ, ತರಕಾರಿ ಹೆಚ್ಚಿ ಪ್ಯಾಕ್ ಮಾಡುವ ಘಟಕ, ಆಹಾರ ಪರೀಕ್ಷಾ ಪ್ರಯೋಗಾಲಯಗಳಲ್ಲಿ ಕೆಲಸ ಮಾಡುವ ಕನ್ನಡಿಗರು. 1933ರಿಂದ ರಾಸಾಯನಿಕ ತಂತ್ರಜ್ಞಾನ ಕಲಿಸುತ್ತಿರುವ ಸಂಸ್ಥೆ ಮುಂಬಯಿಯ ಮಾಟುಂಗಾದಲ್ಲಿದೆ, ಈಗ ಅದರ ಹೆಸರು ಐಸಿಟಿ, ಹಳಬರ ಬಾಯಲ್ಲಿ ಇನ್ನೂ ಅದು ಯುಡಿಸಿಟಿಯೇ. ಅದೇ ಮಾಟುಂಗಾ ನಮ್ಮ ಹೋಟೆಲುಗಳ ತವರು. ಸಂಶೋಧನೆಗೂ ಚಟ್ನಿಗೂ ನಡುವೆ ಕಾಲ್ನಡಿಗೆಯ ದೂರ. ಆದ್ದರಿಂದ ಕೇಳುವ ಸಲುಗೆ ತೆಗೆದುಕೊಂಡಿದ್ದೇವೆ.

ಮೊದಲು ತೊಳೆಯುವುದರ ಬಗ್ಗೆಯೇ ಇರುವ ತಪ್ಪು ಕಲ್ಪನೆ. ಕ್ಲೋರಿನ್ ನೀರಿನಲ್ಲಿ ಅದ್ದಿದರೆ ಸೊಪ್ಪು ಶುದ್ಧವಾಗುತ್ತದೆ ಎಂದು ಮಾಲೀಕರೂ ನಂಬಿದ್ದಾರೆ, ತಪಾಸಣೆಗೆ ಬರುವವರೂ ನಂಬಿದ್ದಾರೆ. ಎಲೆಗೆ ಅಂಟಿದ ಬ್ಯಾಕ್ಟೀರಿಯಾದಲ್ಲಿ ಒಳ್ಳೆಯ ತೊಳೆತ ಕಡಿಮೆ ಮಾಡುವುದು ಹತ್ತನೇ ಒಂದಕ್ಕೆ, ಬಹಳವಾದರೆ ನೂರನೇ ಒಂದಕ್ಕೆ. ಎಲೆಯ ರಂಧ್ರದಲ್ಲಿ, ಸೀಳಿನಲ್ಲಿ, ದಂಟಿನ ಕೊಯ್ದ ತುದಿಯಲ್ಲಿ ಕೂತವುಗಳನ್ನು ಕ್ಲೋರಿನ್ ಮುಟ್ಟುವುದೇ ಇಲ್ಲ. ಹಾಗಾದರೆ ಕ್ಲೋರಿನ್ ಯಾಕೆ? ನೀರನ್ನು ಕಾಯುವುದಕ್ಕೆ. ಹತ್ತು ಕಟ್ಟಿನಲ್ಲಿ ಒಂದು ಕಟ್ಟು ಕೊಳಕಾಗಿದ್ದರೆ, ಕ್ಲೋರಿನ್ ಸತ್ತ ಟಬ್ಬಿನಲ್ಲಿ ತೊಳೆದ ಮೇಲೆ ಹತ್ತೂ ಕೊಳಕು. ಅಂಥ ಟಬ್ಬಿಗಿಂತ ತೊಳೆಯದೇ ಬಿಟ್ಟರೆ ಒಂಬತ್ತಾದರೂ ಉಳಿಯುತ್ತಿದ್ದವು. ಅಮೆರಿಕದ ಕೃಷಿ ಇಲಾಖೆಯ ಸಂಶೋಧಕರು 2011ರಲ್ಲಿ ಪ್ರಕಟಿಸಿದ ಕೆಲಸದಲ್ಲಿ, ಪಿಎಚ್ (ನೀರಿನ ಹುಳಿ–ಕ್ಷಾರದ ಅಳತೆ) 6.5ರ ಸುಮಾರಿಗೆ ನೀರಿನಲ್ಲಿ 10 ಪಿಪಿಎಂ (ಲೀಟರಿಗೆ 10 ಮಿಲಿಗ್ರಾಂ) ಮುಕ್ತ ಕ್ಲೋರಿನ್, ಅಂದರೆ ಇನ್ನೂ ಯಾವುದಕ್ಕೂ ಕಟ್ಟಿಕೊಳ್ಳದ ಕ್ಲೋರಿನ್, ಸದಾ ಉಳಿದಿದ್ದರೆ ಒಂದು ಎಲೆಯಿಂದ ಇನ್ನೊಂದಕ್ಕೆ ಇ.ಕೋಲಿ ಬ್ಯಾಕ್ಟೀರಿಯಾ ದಾಟುವುದು ನಿಲ್ಲುತ್ತದೆ ಎಂದು ತೋರಿಸಿದರು. ಇಲ್ಲಿ ತೂಕದ ಪದ ‘ಸದಾ ಉಳಿದಿದ್ದರೆ’ ಎನ್ನುವುದು. ಹಾಕಿದ್ದೆಷ್ಟು ಎಂದು ಯಾರು ಬೇಕಾದರೂ ಹೇಳಿಯಾರು. ಉಳಿದದ್ದೆಷ್ಟು ಎಂದು ಹೇಳುವವರು ಬೇಕು.

ಉಳಿಯುವ ಲೆಕ್ಕ ಎಲ್ಲೆಲ್ಲಿ ತಪ್ಪುತ್ತದೆ ಎಂದು ಒಂದೊಂದಾಗಿ ನೋಡೋಣ.

ಕ್ಯಾನಿನಿಂದಲೇ ಶುರು. ಟಬ್ಬಿಗೆ ಕ್ಲೋರಿನ್ ಕೊಡುವ ದ್ರಾವಣ ಸೋಡಿಯಂ ಹೈಪೋಕ್ಲೋರೈಟ್, ನಮ್ಮ ಬಾಯಲ್ಲಿ ಹೈಪೋ. ಮಾರುಕಟ್ಟೆಯಲ್ಲಿ ಅದು 10 ಪ್ರತಿಶತದ್ದು ಇರುತ್ತದೆ, 4–5 ಪ್ರತಿಶತದ್ದೂ ಇರುತ್ತದೆ. 100 ಲೀಟರ್ ನೀರಿಗೆ 100 ಪಿಪಿಎಂ ಬರಬೇಕಾದರೆ 10 ಗ್ರಾಂ ಕ್ಲೋರಿನ್ ಬೇಕು, ಅಂದರೆ 10 ಪ್ರತಿಶತದ್ದಾದರೆ 100 ಮಿಲಿ, 4 ಪ್ರತಿಶತದ್ದಾದರೆ 250 ಮಿಲಿ. ಗೋಡೆಗೆ ಅಂಟಿಸಿದ ಚೀಟಿಯಲ್ಲಿ ‘ಒಂದು ಲೋಟ’ ಎಂದಷ್ಟೇ ಇರುತ್ತದೆ, ಯಾವ ಕ್ಯಾನಿನ ಒಂದು ಲೋಟ ಎಂದಿರುವುದಿಲ್ಲ. ಇನ್ನು ಆ ಕ್ಯಾನ್ ಇರುವ ಜಾಗ ಹಿತ್ತಿಲ ಬಾಗಿಲ ಬಳಿ, ಒಲೆಯ ಬೆನ್ನಿಗೆ ಅಥವಾ ತಗಡಿನ ಚಾವಣಿಯ ಕೆಳಗೆ. ಮೇ ತಿಂಗಳ ಆ ಸೆಕೆಯಲ್ಲಿ 10 ಪ್ರತಿಶತದ ಹೈಪೋ ಒಂದೆರಡು ತಿಂಗಳಲ್ಲೇ ಅರ್ಧದ ಹತ್ತಿರ ಇಳಿದಿರುತ್ತದೆ. ವಾಸನೆ ಹಾಗೇ ಇರುತ್ತದೆ, ಶಕ್ತಿ ಇರುವುದಿಲ್ಲ. ಕಳೆದುಹೋದ ಶಕ್ತಿಯ ಒಂದು ಭಾಗ ಕ್ಲೋರೇಟ್ ಎಂಬ ಬೇಡದ ರಾಸಾಯನಿಕವಾಗಿ ಅದೇ ಕ್ಯಾನಿನಲ್ಲಿ ಕೂತಿರುತ್ತದೆ, ಅದು ಬೇರೆ ತಲೆನೋವು. ತಯಾರಿಸಿದ ದಿನಾಂಕ ನೋಡಿ ಸಣ್ಣ ಕ್ಯಾನ್ ಕೊಂಡು, ಕತ್ತಲೆಯ ತಂಪು ಜಾಗದಲ್ಲಿ ಇಟ್ಟರೆ ಅರ್ಧ ಸಮಸ್ಯೆ ಅಲ್ಲೇ ಮುಗಿಯಿತು.

ಎರಡನೆಯದು ಪಿಎಚ್. ಕ್ಲೋರಿನ್ ನೀರಿನಲ್ಲಿ ಎರಡು ರೂಪದಲ್ಲಿರುತ್ತದೆ: ಕೊಲ್ಲುವ ಹೈಪೋಕ್ಲೋರಸ್ ಆಮ್ಲ ಮತ್ತು ಬಹುಮಟ್ಟಿಗೆ ಸೋಮಾರಿಯಾದ ಹೈಪೋಕ್ಲೋರೈಟ್ ಅಯಾನು. ಪಿಎಚ್ 6.5ರಲ್ಲಿ ಸುಮಾರು 90 ಪ್ರತಿಶತ ಕೆಲಸದ ರೂಪ. 7.5ರಲ್ಲಿ ಅರ್ಧ. 8.5ಕ್ಕೆ ಹೋದರೆ 10 ಪ್ರತಿಶತದ ಆಸುಪಾಸು. ಹೈಪೋ ಸ್ವತಃ ಕ್ಷಾರ, ಸುರಿದಷ್ಟೂ ಟಬ್ಬಿನ ಪಿಎಚ್ ಮೇಲೇರುತ್ತದೆ. ಟ್ಯಾಂಕರಿನ ಬೋರ್‌ವೆಲ್ ನೀರಾದರೆ ಇನ್ನೂ ಮೇಲೆ. ‘ಕ್ಲೋರಿನ್ ಸಾಲಲಿಲ್ಲ, ಇನ್ನಷ್ಟು ಹಾಕು’ ಎನ್ನುವವನು ಕೆಲಸ ಮಾಡುವ ಪಾಲನ್ನು ತಾನೇ ಕಡಿಮೆ ಮಾಡುತ್ತಿರುತ್ತಾನೆ. ಪಟ್ಟಿ ಅದ್ದಿ ನೋಡಿ ನಿಂಬೆ ಉಪ್ಪು, ಅಂದರೆ ಸಿಟ್ರಿಕ್ ಆಮ್ಲ, ಚಿಟಿಕೆ ಚಿಟಿಕೆಯಾಗಿ ಹಾಕಿ 6.5–7ಕ್ಕೆ ತರಬೇಕು. ಅದನ್ನು ತುಂಬಿದ ಟಬ್ಬಿನ ನೀರಿಗೆ ಹಾಕಬೇಕು, ಎಂದೂ ಹೈಪೋ ಕ್ಯಾನಿಗಲ್ಲ. ಪಿಎಚ್ ತೀರಾ ಕೆಳಗಿಳಿದರೆ ಕ್ಲೋರಿನ್ ಅನಿಲವಾಗಿ ಏಳುತ್ತದೆ. ಅದೇ ಕಾರಣಕ್ಕೆ ಶೌಚಾಲಯ ತೊಳೆಯುವ ಆಸಿಡ್ ಬಾಟಲಿಯನ್ನೂ ಹೈಪೋ ಕ್ಯಾನನ್ನೂ ಒಂದೇ ಮೂಲೆಯಲ್ಲಿಡುವ ಪದ್ಧತಿ ಇಂದೇ ನಿಲ್ಲಬೇಕು. ಆ ಎರಡು ಸೇರಿದರೆ ಮುಚ್ಚಿದ ಮೋರಿಕೋಣೆಯಲ್ಲಿ ಮನುಷ್ಯ ಸಾಯಬಹುದು.

ಮೂರನೆಯದು ಮಣ್ಣು ಮತ್ತು ಎಲೆರಸ. ಇದೇ ದೊಡ್ಡದು, ನಿಮ್ಮಿಂದ ಹೆಚ್ಚು ಕೆಲಸ ಬೇಕಾಗಿರುವುದೂ ಇಲ್ಲೇ. ನಾಸಿಕ್ ಕಡೆಯಿಂದ, ನಾರಾಯಣಗಾಂವ್ ಕಡೆಯಿಂದ ರಾತ್ರಿಯಿಡೀ ಬಂದ ಕೊತ್ತಂಬರಿ ವಾಶಿಯ ಎಪಿಎಂಸಿಯಲ್ಲಿ ಬೆಳಗಿನ ಜಾವ ಇಳಿಯುತ್ತದೆ. ವ್ಯಾಪಾರಿ ಅದಕ್ಕೆ ಜುಡಿ ಎನ್ನುತ್ತಾನೆ, ನಾವು ಕಟ್ಟು ಎನ್ನುತ್ತೇವೆ. ಬೇರುಸಹಿತ ಕಿತ್ತದ್ದು, ಬೇರಿನ ತುಂಬ ಮಣ್ಣು, ಬಾಡದಿರಲೆಂದು ದಾರಿಯುದ್ದಕ್ಕೂ ಚಿಮುಕಿಸಿದ ನೀರು. ಜುಲೈಯಲ್ಲಿ ಆ ಮಣ್ಣು ಕೆಸರೇ. ಇಂಥ ಕಟ್ಟನ್ನು ನೇರ ಕ್ಲೋರಿನ್ ಟಬ್ಬಿಗೆ ಇಳಿಸಿದರೆ ಮಣ್ಣಿನ ಸಾವಯವ ಅಂಶ, ಮುರಿದ ಎಲೆಯಿಂದ ಸುರಿದ ರಸ, ಇವೆರಡೂ ಕ್ಲೋರಿನ್ನನ್ನು ನಿಮಿಷಗಳಲ್ಲಿ ತಿಂದುಹಾಕುತ್ತವೆ. ಆದ್ದರಿಂದ ನಾವು ಹೇಳುವ ಕ್ರಮ ಹೀಗಿದೆ. ಕಟ್ಟು ಬಿಚ್ಚಿ, ಕೊಳೆತದ್ದನ್ನು ಆರಿಸಿ, ಬೇರು ಕತ್ತರಿಸಿ ಹೊರಗೆ ಹಾಕಬೇಕು. ಬೇರು ಹೋದರೆ ಮಣ್ಣಿನ ಹೆಚ್ಚಿನ ಪಾಲು ಹೋಯಿತು. ಬೇರು ಕತ್ತರಿಸುವ ಚಾಕು, ಹಲಗೆ ಬೇರೆಯೇ ಇರಬೇಕು. ಮೊದಲ ಟಬ್ಬಿನಲ್ಲಿ ಬರೀ ಕುಡಿಯುವ ನೀರು. ತಳದಲ್ಲಿ ಮಣ್ಣು ನಿಲ್ಲಲು ಬಿಟ್ಟು ಸೊಪ್ಪನ್ನು ಮೇಲಿನಿಂದ ಜಾಲರಿ ಬುಟ್ಟಿಯಲ್ಲಿ ಎತ್ತಬೇಕೇ ಹೊರತು ಸೊಪ್ಪಿನ ಮೇಲೆ ನೀರು ಬಗ್ಗಿಸಬಾರದು. ಬಗ್ಗಿಸಿದರೆ ಇಳಿದ ಮಣ್ಣೆಲ್ಲ ಮತ್ತೆ ಎಲೆಗೇ. ನೀರು ಕಂದಿದಾಗ ಚೆಲ್ಲಿ ಹೊಸದು. ಎರಡನೇ ಟಬ್ಬಿನಲ್ಲಿ 50ರಿಂದ 100 ಪಿಪಿಎಂ, ಎರಡು ನಿಮಿಷ, ಕೈಯಾಡಿಸುತ್ತ, ಸೊಪ್ಪು ಪೂರ್ತಿ ಮುಳುಗುವಂತೆ. ಮೂರನೆಯದರಲ್ಲಿ ಮತ್ತೆ ಕುಡಿಯುವ ನೀರು. ಆಮೇಲೆ ನೀರು ಬಸಿದು, ಆರಿಸಿ, ಅದಾದ ಮೇಲೆ ಮಾತ್ರ ಹೆಚ್ಚುವುದು. ಹೆಚ್ಚಿ ತೊಳೆದರೆ ಕತ್ತರಿಸಿದ ಪ್ರತಿ ಅಂಚಿನಿಂದ ರಸ ಸುರಿದು ಕ್ಲೋರಿನ್ ಸಾಯುತ್ತದೆ, ಟಬ್ಬಿನ ನೀರು ಅದೇ ಅಂಚಿನಿಂದ ಒಳಗೆ ಹೋಗುತ್ತದೆ.

ಈ ಕ್ರಮದಲ್ಲಿ ನಮಗೆ ಗೊತ್ತಿಲ್ಲದ ಒಂದು ಅಂಕಿ ಇದೆ: 200 ಲೀಟರಿನ ಟಬ್ಬಿನಲ್ಲಿ ಐದೈದು ಕಿಲೋದಂತೆ ಎಷ್ಟನೇ ಬುಟ್ಟಿಗೆ ಮುಕ್ತ ಕ್ಲೋರಿನ್ 10ರ ಕೆಳಗೆ ಬೀಳುತ್ತದೆ? ಡಿಸೆಂಬರಿನ ಕೊತ್ತಂಬರಿಗೆ ಎಷ್ಟನೆಯದಕ್ಕೆ, ಆಷಾಢದ ಕೊತ್ತಂಬರಿಗೆ ಎಷ್ಟನೆಯದಕ್ಕೆ? ಪುದೀನಕ್ಕೆ, ಪಾಲಕಿಗೆ, ಮೆಂತ್ಯಕ್ಕೆ? ಪ್ರಯೋಗಾಲಯದ ಬೀಕರಿನಲ್ಲಿ 25 ಗ್ರಾಂ ಎಲೆಯನ್ನು ಒಂದು ಲೀಟರ್ ಶುದ್ಧ ನೀರಿನಲ್ಲಿ ಅದ್ದಿದ ಪ್ರಯೋಗ ಈ ಪ್ರಶ್ನೆಗೆ ಉತ್ತರ ಕೊಡುವುದಿಲ್ಲ. ಅಲ್ಲಿ ಎಲೆಗೆ ನಲವತ್ತು ಪಟ್ಟು ನೀರು, ಅದೂ ತಿಳಿನೀರು, ಒಂದೇ ಸಲದ ಅದ್ದುವಿಕೆ. ನಮ್ಮಲ್ಲಿ ಅದೇ ನೀರಿಗೆ ಹತ್ತನೇ ಬುಟ್ಟಿ. ಪ್ರಬಂಧದ ಕೋಷ್ಟಕದಲ್ಲಿ ಓಜೋನ್, ಅಲ್ಟ್ರಾಸೌಂಡ್, ನ್ಯಾನೊ ಲೇಪನ ಎಲ್ಲವೂ ಚೆನ್ನಾಗಿಯೇ ಕಾಣುತ್ತವೆ. ಅವು ಬೇಡವೆನ್ನುತ್ತಿಲ್ಲ. ಮೊದಲು ಹೈಪೋ, ನಿಂಬೆ ಉಪ್ಪು ಮತ್ತು ಮೂರು ಪ್ಲಾಸ್ಟಿಕ್ ಟಬ್ಬುಗಳ ಲೆಕ್ಕ ಮುಗಿಸಿಕೊಡಿ.

ಅಳೆಯುವ ವಿಧಾನದಲ್ಲೂ ಮೋಸಗಳಿವೆ, ಗಮನಿಸಬೇಕು. ಅಗ್ಗದ ಅಯೋಡೈಡ್–ಪಿಷ್ಟದ ಪಟ್ಟಿಗಳು ಮುಕ್ತ ಕ್ಲೋರಿನ್ ಜೊತೆ ಎಲೆರಸದ ಸಾರಜನಕಕ್ಕೆ ಕಟ್ಟಿಕೊಂಡ ಕ್ಲೋರಿನ್ನಿಗೂ ಬಣ್ಣ ಕೊಡುತ್ತವೆ. ಪಟ್ಟಿ ಕಪ್ಪಾಗಿದೆ ಎಂದು ಖುಷಿಪಡುವಾಗ ಕೊಲ್ಲುವ ಕ್ಲೋರಿನ್ ಮುಗಿದಿರಬಹುದು. ಡಿಪಿಡಿ ಮಾತ್ರೆ ಮುಕ್ತ ಕ್ಲೋರಿನ್ನನ್ನು ಗುಲಾಬಿ ಬಣ್ಣದಲ್ಲಿ ತೋರಿಸುತ್ತದೆ, ಆದರೆ ಅದು ನಲ್ಲಿನೀರಿನ ಮಟ್ಟಕ್ಕೆ ಮಾಡಿದ್ದು. 80 ಪಿಪಿಎಂ ಇರುವ ನೀರಿಗೆ ನೇರವಾಗಿ ಹಾಕಿದರೆ ಕ್ಲೋರಿನ್ ಆ ಗುಲಾಬಿಯನ್ನೇ ಬಿಳಿಚಿಸಿಬಿಡುತ್ತದೆ. ಓದುವವನು ಸೊನ್ನೆ ಎಂದು ಬರೆದು ಇನ್ನೊಂದು ಲೋಟ ಹೈಪೋ ಸುರಿಯುತ್ತಾನೆ. 10 ಮಿಲಿ ಟಬ್ಬಿನ ನೀರನ್ನು ಡಿಸ್ಟಿಲ್ಡ್ ನೀರಿನಿಂದ 500 ಮಿಲಿಗೆ ಹೆಚ್ಚಿಸಿ, ಓದಿದ್ದನ್ನು 50ರಿಂದ ಗುಣಿಸಬೇಕು. ಇನ್ನು ನೀರಿನ ಆಕ್ಸೀಕರಣ ಶಕ್ತಿಯನ್ನು ಅಳೆಯುವ ಓಆರ್‌ಪಿ ಮೀಟರು: 650 ಮಿಲಿವೋಲ್ಟಿನ ಮೇಲಿದ್ದರೆ ನೀರಿಗೆ ಕೊಲ್ಲುವ ಶಕ್ತಿಯಿದೆ ಎನ್ನುವ ಸೂಚನೆ ಸಿಗುತ್ತದೆ, ಪ್ರಮಾಣ ಸಿಗುವುದಿಲ್ಲ. ಎಲೆರಸ ಮೆತ್ತಿದ ಎಲೆಕ್ಟ್ರೋಡ್ ಹಳೆಯ ಓದನ್ನೇ ಹಿಡಿದುಕೊಂಡು ಕೂರುವುದೂ ಉಂಟು.

ಮಾದರಿ ಬಾಟಲಿಯ ವಿಷಯ ನಿಮಗೆ ಹೇಳಬೇಕಾಗಿಲ್ಲ, ಆದರೂ ಹೇಳುತ್ತೇವೆ, ಯಾಕೆಂದರೆ ಹೊರಗಿನ ಪ್ರಯೋಗಾಲಯಗಳ ವರದಿಗಳಲ್ಲಿ ‘ಇ.ಕೋಲಿ ಕಂಡುಬಂದಿಲ್ಲ’ ಎಂಬ ಸಾಲು ಬರುವುದಕ್ಕೆ ಇದೊಂದು ಸುಲಭ ದಾರಿ. ಟಬ್ಬಿನ ನೀರನ್ನು ಬರೀ ಬಾಟಲಿಯಲ್ಲಿ ತುಂಬಿ ಕಳಿಸಿದರೆ ಲೋಕಲ್ ರೈಲಿನ ಒಂದು ಗಂಟೆಯ ಪ್ರಯಾಣದಲ್ಲೂ ಕ್ಲೋರಿನ್ ಕೊಲ್ಲುತ್ತಲೇ ಇರುತ್ತದೆ. ಪ್ರಯೋಗಾಲಯ ತೆರೆದಾಗ ನೀರು ಗಂಗೆಯಷ್ಟು ಪವಿತ್ರ. ಅದಕ್ಕೇ ಬಾಟಲಿಯಲ್ಲಿ ಕ್ಲೋರಿನ್ನನ್ನು ತಣಿಸುವ ಸೋಡಿಯಂ ಥಯೋಸಲ್ಫೇಟ್ ಇರಬೇಕು. ನಲ್ಲಿನೀರಿಗೆಂದು ತಯಾರಾದ ಬಾಟಲಿಯಲ್ಲಿ, 120 ಮಿಲಿಗೆ 3 ಪ್ರತಿಶತದ ದ್ರಾವಣ 0.1 ಮಿಲಿ ಇರುತ್ತದೆ, ಅದು 5 ಪಿಪಿಎಂ ತಣಿಸಲು ಮಾತ್ರ ಸಾಕು. 100 ಪಿಪಿಎಂ ಟಬ್ಬಿಗೆ ಇಪ್ಪತ್ತು ಪಟ್ಟು, ಅಂದರೆ 2 ಮಿಲಿ ಬೇಕು. ಐಸ್ ಪೆಟ್ಟಿಗೆಯಲ್ಲಿಟ್ಟು ಅದೇ ದಿನ ಪರೀಕ್ಷೆಗೆ ಹಾಕಬೇಕು.

ಪ್ಯಾಕೆಟ್ ಪರೀಕ್ಷೆಯನ್ನೇ ನೆಚ್ಚಿಕೊಳ್ಳುವವರಿಗೆ ಒಂದು ಸರಳ ಗಣಿತ. ಹೆಚ್ಚಿ ಪ್ಯಾಕ್ ಮಾಡಿದ ಹಸಿ ತರಕಾರಿಯ 25 ಗ್ರಾಂನಲ್ಲಿ ರೋಗ ತರುವ ಸಾಲ್ಮೊನೆಲ್ಲಾ ಬ್ಯಾಕ್ಟೀರಿಯಾ ಇರಕೂಡದು, ಐದು ಮಾದರಿ ನೋಡಬೇಕು. ಸರಿ. ನೂರರಲ್ಲಿ ಒಂದು ಪ್ಯಾಕೆಟ್ ಕೆಟ್ಟಿದೆ ಎಂದಿಟ್ಟುಕೊಳ್ಳಿ. ಐದು ಮಾದರಿ ತೆಗೆದರೆ ಅದು ಸಿಕ್ಕಿಬೀಳುವ ಸಾಧ್ಯತೆ 5 ಪ್ರತಿಶತಕ್ಕಿಂತ ಒಂದು ಕೂದಲೆಳೆ ಕಡಿಮೆ. ಅರವತ್ತು ತೆಗೆದರೂ 45ರ ಆಸುಪಾಸು. ಟಬ್ಬಿನ ಬಳಿ ಪ್ರತಿ ಅರ್ಧ ಗಂಟೆಗೆ ಬರೆದ ಮೂರು ಅಂಕಿ, ಅಂದರೆ ಮುಕ್ತ ಕ್ಲೋರಿನ್, ಪಿಎಚ್ ಮತ್ತು ಉಷ್ಣತೆ, ಆ ವರದಿಗಿಂತ ಹೆಚ್ಚು ಬೆಲೆಯವು.

ಉಷ್ಣತೆ ಎಂದೆವು. ಟೊಮೆಟೊ, ಮಾವು, ಕಲ್ಲಂಗಡಿಗಳ ವಿಷಯದಲ್ಲಿ ಇದು ಮುಖ್ಯ. ಲಾರಿಯಲ್ಲಿ 35 ಡಿಗ್ರಿಯಲ್ಲಿ ಬಂದ ಟೊಮೆಟೊವನ್ನು ಐಸ್ ನೀರಿಗೆ ಸುರಿದರೆ ಒಳಗಿನ ಗಾಳಿ ಕುಗ್ಗಿ, ತೊಟ್ಟಿನ ಗಾಯದಿಂದ ನೀರನ್ನು ಒಳಕ್ಕೆ ಎಳೆದುಕೊಳ್ಳುತ್ತದೆ. ನೀರಿನಲ್ಲಿದ್ದದ್ದು ಹಣ್ಣಿನೊಳಗೆ ಹೋದ ಮೇಲೆ ಯಾವ ಕ್ಲೋರಿನ್ನೂ ಮುಟ್ಟದು. 1999ರಲ್ಲಿ ಅಮೆರಿಕದ 13 ರಾಜ್ಯಗಳಲ್ಲಿ ಸಾಲ್ಮೊನೆಲ್ಲಾ ಹರಡಿದ್ದಕ್ಕೆ ಬ್ರೆಜಿಲಿನ ಮಾವು ಕಾರಣವಾಯಿತು. ಹಣ್ಣುನೊಣಕ್ಕಾಗಿ ಬಿಸಿನೀರಿನಲ್ಲಿ ಅದ್ದಿ, ಕೂಡಲೇ ತಣ್ಣೀರಿಗೆ ಹಾಕಿದ ಮಾವು ಅದು. ಯುರೋಪ್ 2014ರ ಮೇಯಿಂದ ನಮ್ಮ ಮಾವನ್ನು ನಿಲ್ಲಿಸಿ ಮರುವರ್ಷ ಬಾಗಿಲು ತೆರೆಯಿತು, ಈಗ ಅಲ್ಲಿಗೆ ಹೋಗುವ ಹಾಪುಸ್ ಮಾವಿಗೆ 48 ಡಿಗ್ರಿ ನೀರಿನಲ್ಲಿ 60 ನಿಮಿಷದ ಸ್ನಾನವಿದೆ. ಬಿಸಿನೀರಿನಷ್ಟೇ ಎಚ್ಚರ ಅದರ ನಂತರದ ತಣ್ಣೀರಿನಲ್ಲೂ ಇರಬೇಕು ಎನ್ನುವುದು ಆ ಪಾಠ. ಅಡುಗೆಮನೆಗೆ ಸೂತ್ರ ಸುಲಭ: ತೊಳೆಯುವ ನೀರು ಟೊಮೆಟೊದ ಒಡಲಿಗಿಂತ ಐದಾರು ಡಿಗ್ರಿ ಬೆಚ್ಚಗಿರಲಿ, ತಂಪು ಮಾಡುವುದನ್ನು ಆಮೇಲೆ ಫ್ರಿಜ್ ಮಾಡುತ್ತದೆ.

ಕ್ಲೋರಿನ್ನಿಗೆ ಸೊಪ್ಪೇ ಹಾಕದ ಜೀವಿಯೂ ಒಂದಿದೆ. ಸೈಕ್ಲೋಸ್ಪೋರಾ ಎಂಬ ಪರೋಪಜೀವಿ ತೊಳೆಯುವ ಮಟ್ಟದ ಕ್ಲೋರಿನ್ನಿಗೆ ಸಾಯುವುದಿಲ್ಲ. ಮನುಷ್ಯನ ಮಲ ಸೇರಿದ ನೀರಿನಿಂದ ಎಲೆಗೆ ಬರುತ್ತದೆ. ಮೆಕ್ಸಿಕೋದ ಪುಯೆಬ್ಲಾ ರಾಜ್ಯದ ಕೊತ್ತಂಬರಿಯನ್ನು ಅಮೆರಿಕ 2015ರಲ್ಲಿ ಏಪ್ರಿಲಿನಿಂದ ಆಗಸ್ಟಿನವರೆಗೆ ಗಡಿಯಲ್ಲೇ ತಡೆದದ್ದು ಇದೇ ಕಾರಣಕ್ಕೆ, ಅಲ್ಲಿನ ಸೊಪ್ಪೂ ನಮ್ಮ ಕೊತ್ತಂಬರಿಯ ಜಾತಿಯದೇ. ಮುಂಬಯಿಯ ರೈಲು ಹಳಿಗಳ ಪಕ್ಕ ನಾಲೆಯ ನೀರಿನಲ್ಲಿ ಬೆಳೆಯುವ ಪಾಲಕ, ಮೂಲಂಗಿ ಸೊಪ್ಪನ್ನು ಲೋಕಲಿನ ಕಿಟಕಿಯಿಂದ ನೋಡದವರಿಲ್ಲ. ಅಂಥ ಎಲೆಯನ್ನು ಶುದ್ಧ ಮಾಡುವ ಟಬ್ಬು ಇಲ್ಲ. ಅದನ್ನು ಬೇಯಿಸಬೇಕು ಅಥವಾ ಕೊಳ್ಳಲೇಬಾರದು. ಲಾಲ್ ದವಾ ಎನ್ನುವ ಪೊಟ್ಯಾಸಿಯಂ ಪರ್ಮಾಂಗನೇಟ್, ಉಪ್ಪುನೀರು, ಅರಿಶಿನ ನೀರು ಇವೆಲ್ಲ ಹುಳ ಬಿಡಿಸುವುದಕ್ಕೆ ಆದೀತು. ಲಾಲ್ ದವಾದ ಗುಲಾಬಿ ಬಣ್ಣಕ್ಕೆ ಮನಸ್ಸು ಶಾಂತವಾಗುತ್ತದೆ, ಅಷ್ಟೇ.

ಕ್ಲೋರಿನ್ ಬದಲು ಪೆರಾಸಿಟಿಕ್ ಆಮ್ಲ ಬಳಸುವ ಬಗ್ಗೆ ಕೇಳುವವರಿಗೆ: ಒಳ್ಳೆಯದು. ಮಣ್ಣು, ಎಲೆರಸ ಅದನ್ನು ಕ್ಲೋರಿನ್ನಿನಷ್ಟು ಬೇಗ ತಿನ್ನುವುದಿಲ್ಲ. ಅಮೆರಿಕದಲ್ಲಿ ತರಕಾರಿ ತೊಳೆಯಲು 80 ಪಿಪಿಎಂ ಮಿತಿ ಇದೆ. ದುಬಾರಿ, ಗಾಢ ದ್ರಾವಣ ಕೈ ಸುಡುತ್ತದೆ, ವಿನೆಗರಿನ ಘಾಟು. ದೊಡ್ಡ ಘಟಕಕ್ಕೆ ಸರಿ.

ಈಗ ಚಟ್ನಿಗೆ ಬರೋಣ, ನಮ್ಮ ನಿಜವಾದ ಚಿಂತೆ ಅದೇ.

ಒಗ್ಗರಣೆ ಹಾಕಿದರೆ ಚಟ್ನಿಯ ಕ್ರಿಮಿ ಸಾಯುತ್ತದೆ ಎಂದು ಭಟ್ಟರು ಹೇಳುತ್ತಾರೆ. 5 ಕಿಲೋ ಚಟ್ನಿಗೆ 50 ಮಿಲಿ ಎಣ್ಣೆಯನ್ನು 180 ಡಿಗ್ರಿಗೆ ಕಾಯಿಸಿ ಸುರಿದರೆ, ಎಣ್ಣೆಯ ಅಷ್ಟೂ ಶಾಖ ಚಟ್ನಿಗೆ ಇಳಿದರೂ ಚಟ್ನಿಯ ಉಷ್ಣತೆ ಒಂದು ಡಿಗ್ರಿಯೂ ಏರುವುದಿಲ್ಲ. ಘಮಕ್ಕೆ ಒಗ್ಗರಣೆ ಸರಿ, ರಕ್ಷಣೆಗೆ ಅಲ್ಲ. ಇನ್ನು ಕಾಲ. ಗ್ರಾಂಗೆ ಬರೇ ನೂರು ಬ್ಯಾಕ್ಟೀರಿಯಾ ಇದ್ದು, ಅರ್ಧ ಗಂಟೆಗೊಮ್ಮೆ ಇಮ್ಮಡಿಯಾದರೆ ಆರು ಗಂಟೆಯಲ್ಲಿ ಹನ್ನೆರಡು ಇಮ್ಮಡಿ, ನಾಲ್ಕು ಲಕ್ಷ ದಾಟುತ್ತದೆ. 32 ಡಿಗ್ರಿ ಸೆಕೆಯಲ್ಲಿ, ಇಡ್ಲಿ ಹಬೆಯ ಪಕ್ಕದ ಕೌಂಟರಿನಲ್ಲಿ ಅರ್ಧ ಗಂಟೆ ಎನ್ನುವುದು ಉದಾರ ಲೆಕ್ಕ. ಎಲ್ಲಕ್ಕಿಂತ ಕೆಟ್ಟ ಅಭ್ಯಾಸ ಬಕೆಟ್ಟಿನ ತಳದಲ್ಲಿ ಉಳಿದ ಚಟ್ನಿಯ ಮೇಲೆ ಹೊಸದನ್ನು ಸುರಿಯುವುದು. ಹಾಲಿಗೆ ಹೆಪ್ಪು ಹಾಕುವುದಕ್ಕೂ ಇದಕ್ಕೂ ವ್ಯತ್ಯಾಸವಿಲ್ಲ. ಬೆಳಿಗ್ಗೆ ಆರರ ಚಟ್ನಿ ಸಂಜೆ ನಾಲ್ಕರ ಬಕೆಟ್ಟಿನಲ್ಲೂ ಜೀವಂತವಾಗಿರುತ್ತದೆ.

ಮಿಕ್ಸರ್ ಜಾರಿನ ಬ್ಲೇಡನ್ನು ಬಿಚ್ಚಿ, ಅದರಡಿಯ ರಬ್ಬರ್ ಗ್ಯಾಸ್ಕೆಟ್ ತೆಗೆದು ಮೂಗಿನ ಹತ್ತಿರ ಹಿಡಿದು ನೋಡಿ. ಕಪ್ಪು ಹಸಿರು ಲೋಳೆ, ಹುಳಿ ವಾಸನೆ. ಜಾರನ್ನು ಸೋಪು ನೀರು ತಿರುಗಿಸಿ ತೊಳೆದರೆ ಒಳಗೋಡೆ ಮಿನುಗುತ್ತದೆ, ಗ್ಯಾಸ್ಕೆಟ್ಟಿನ ಅಡಿ ಹಾಗೇ ಉಳಿಯುತ್ತದೆ. ನಾಳೆಯ ಚಟ್ನಿಗೆ ಹೆಪ್ಪು ಅಲ್ಲಿಂದಲೂ ಬೀಳುತ್ತದೆ. ದಿನಕ್ಕೊಮ್ಮೆ ಬಿಚ್ಚಿ, ಉಜ್ಜಿ, ಕುದಿನೀರು ಹೊಯ್ದು, ಒಣಗಿಸಬೇಕು. ಗ್ಯಾಸ್ಕೆಟ್ ಸೀಳಿದ್ದರೆ ಬದಲಿಸಬೇಕು. ತೆಂಗಿನಕಾಯಿಯ ಚಿಪ್ಪನ್ನೂ ಒಡೆಯುವ ಮೊದಲು ಬ್ರಷ್ಷಿನಿಂದ ತೊಳೆಯಬೇಕು. ಕತ್ತಿ ಚಿಪ್ಪಿನ ಮೇಲಿನದನ್ನು ಕಾಯಿಗೆ ಒಯ್ಯುತ್ತದೆ. ಚಟ್ನಿಯನ್ನು ಹತ್ತು ಲೀಟರಿನ ಬಕೆಟ್ಟಿನಲ್ಲಿ ಫ್ರಿಜ್ಜಿಗಿಟ್ಟರೆ ನಡುವಿನ ಭಾಗ ತಣ್ಣಗಾಗಲು ಗಂಟೆಗಟ್ಟಲೆ ಬೇಕು. ಎರಡು ಇಂಚು ಆಳದ ತಟ್ಟೆಗಳಲ್ಲಿ ಹರಡಿ 5 ಡಿಗ್ರಿಗೆ ಇಳಿಸಿ, ಕೌಂಟರಿಗೆ ಎರಡೆರಡು ಗಂಟೆಗೆ ಬೇಕಾದಷ್ಟೇ ತೆಗೆದು, ಖಾಲಿ ಪಾತ್ರೆಯನ್ನು ಬದಲಿಸಬೇಕು.

ಇಷ್ಟು ನಮ್ಮ ಕೈಯಲ್ಲಿದೆ. ನಿಮ್ಮ ಕೈಯಲ್ಲಿರುವುದು ಎರಡು. ಒಂದು, ಕೊತ್ತಂಬರಿಯನ್ನು ಕುದಿನೀರಿನಲ್ಲಿ ಕೆಲವೇ ಸೆಕೆಂಡು ಅದ್ದಿ ತಣ್ಣೀರಿಗೆ ಹಾಕಿದರೆ ಎಲೆಯ ಮೇಲಿನ ಬ್ಯಾಕ್ಟೀರಿಯಾ ತೊಳೆತಕ್ಕಿಂತ ಎಷ್ಟೋ ಪಾಲು ಹೆಚ್ಚು ಸಾಯುತ್ತವೆ, ಬಣ್ಣವೂ ಗಟ್ಟಿಯಾಗುತ್ತದೆ. ಹೋಗುವುದು ಘಮ, ಕೊತ್ತಂಬರಿಯ ಪರಿಮಳ ಆವಿಯಾಗುವ ಆಲ್ಡಿಹೈಡುಗಳದ್ದು. ಎಷ್ಟು ಡಿಗ್ರಿ, ಎಷ್ಟು ಸೆಕೆಂಡಿನಲ್ಲಿ ಸುರಕ್ಷತೆ ಬಂದು ಘಮ ಉಳಿಯುತ್ತದೆ? ಅರ್ಧ ಸೊಪ್ಪು ಅದ್ದಿ, ದಂಟು ಅದ್ದಿ, ಹೇಗೆ ಬೇಕಾದರೂ ಪ್ರಯತ್ನಿಸಿ. ಎರಡು, ಹುಳಿ. ನಿಂಬೆರಸದಿಂದ ಪಿಎಚ್ ಕೆಳಗಿಳಿಸಿದರೆ ಬೆಳವಣಿಗೆ ನಿಧಾನವಾಗುತ್ತದೆ, ಆದರೆ ಅದೇ ಆಮ್ಲ ಹರಿತ್ತಿನಿಂದ ಮೆಗ್ನೀಸಿಯಂ ಕಿತ್ತು ಚಟ್ನಿಯನ್ನು ಸಗಣಿ ಬಣ್ಣಕ್ಕೆ ತಿರುಗಿಸುತ್ತದೆ. ಕಾಯಿ, ಹುರಿಗಡಲೆ ಆಮ್ಲವನ್ನು ಹೀರುವುದರಿಂದ ಮನೆಯ ಅಂದಾಜು ನಡೆಯುವುದಿಲ್ಲ. ಕಿಲೋಗೆ ಎಷ್ಟು ನಿಂಬೆ, ಯಾವ ಪಿಎಚ್, ಎಷ್ಟು ಗಂಟೆ, ಎಷ್ಟು ಡಿಗ್ರಿ: ಒಂದೇ ಪುಟದ ಕೋಷ್ಟಕ. ರುಚಿ ನೋಡುವ ತಂಡಕ್ಕೆ ಮಾಟುಂಗಾದ ಹಳೆಯ ಗಿರಾಕಿಗಳನ್ನೇ ಕೂರಿಸಿ, ಅವರಿಗಿಂತ ಕಠಿಣ ಪರೀಕ್ಷಕರು ಸಿಗರು.

ಇಂಥ ಕೆಲಸ ವಿಶ್ವವಿದ್ಯಾಲಯದ್ದೇ ಎನ್ನುವುದಕ್ಕೆ ಹೊರಗೂ ಒಳಗೂ ಉದಾಹರಣೆಗಳಿವೆ. 2006ರಲ್ಲಿ ಪ್ಯಾಕೆಟ್ ಪಾಲಕಿನಿಂದ ಅಮೆರಿಕದಲ್ಲಿ ಸುಮಾರು 200 ಮಂದಿ ಕಾಯಿಲೆಬಿದ್ದು ಮೂವರು ಸತ್ತ ಮೇಲೆ, ಮರುವರ್ಷವೇ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಡೇವಿಸ್ ಆವರಣದಲ್ಲಿ ಸೆಂಟರ್ ಫಾರ್ ಪ್ರೊಡ್ಯೂಸ್ ಸೇಫ್ಟಿ ಶುರುವಾಯಿತು. ಬೆಳೆಯುವವರು, ಪ್ಯಾಕ್ ಮಾಡುವವರು ದುಡ್ಡು ಹಾಕುತ್ತಾರೆ, ಸಂಶೋಧಕರು ವರ್ಷಕ್ಕೊಮ್ಮೆ ಅವರ ಮುಂದೆ ನಿಂತು ಫಲಿತಾಂಶ ಹೇಳುತ್ತಾರೆ. ನಮ್ಮಲ್ಲೂ 2010ರಲ್ಲಿ ಕ್ಲೋರ್ಮೆಕ್ವಾಟ್ ಎಂಬ ಬೆಳವಣಿಗೆ ನಿಯಂತ್ರಕದ ಶೇಷದಿಂದ ಯುರೋಪಿನಲ್ಲಿ ದ್ರಾಕ್ಷಿ ತಿರಸ್ಕೃತವಾದಾಗ ಪುಣೆಯ ಮಾಂಜರಿಯ ರಾಷ್ಟ್ರೀಯ ದ್ರಾಕ್ಷಿ ಸಂಶೋಧನಾ ಕೇಂದ್ರದ ವಿಜ್ಞಾನ ಬೆಂಬಲಕ್ಕೆ ನಿಂತಿತು. ರಫ್ತಿನ ದ್ರಾಕ್ಷಿ ಇಂದು ತೋಟದ ನೋಂದಣಿ ಸಂಖ್ಯೆಯವರೆಗೆ ಪತ್ತೆಯಾಗುತ್ತದೆ. ಮುಂಬಯಿಗನ ಚಟ್ನಿಯ ಕೊತ್ತಂಬರಿಯ ಜಾಡು ವಾಶಿಯ ಗಾಳೆಯಲ್ಲೇ, ಅಂದರೆ ಸಗಟು ಮಳಿಗೆಯಲ್ಲೇ, ನಿಲ್ಲುತ್ತದೆ. ಲಂಡನ್ನಿನ ಹೊಟ್ಟೆಗೆ ಇರುವ ವಿಜ್ಞಾನ ಮುಂಬಯಿಯ ಲಾಲ್‌ಬಾಗಿನ ಹೊಟ್ಟೆಗೂ ಇರಲಿ ಎನ್ನುವುದು ದೊಡ್ಡ ಬೇಡಿಕೆಯಲ್ಲ.

ಪುಣೆಯವರಿಗೆ ಪ್ರತ್ಯೇಕ ಒಂದು ಮಾತು. ಅಲ್ಲಿನ ತಿಂಡಿ ಮಿಸಳಿನ ಮೊಳಕೆಯ ಮಟಕಿ ಕಾಳು ಕುದಿಯುತ್ತದೆ, ಅದರ ಬಗ್ಗೆ ಭಯವಿಲ್ಲ. ಬೆಳಗಿನ ನಡಿಗೆಯವರಿಗೆಂದು ಮಾರುವ ಹಸಿ ಮೊಳಕೆಯ ಪೊಟ್ಟಣ ಬೇರೆಯೇ ಕತೆ. ಕಾಳು ಮೊಳೆಯುವ ಬೆಚ್ಚನೆಯ ತೇವವೇ ಬ್ಯಾಕ್ಟೀರಿಯಾಕ್ಕೂ ಬೇಕಾದದ್ದು. 2011ರಲ್ಲಿ ಜರ್ಮನಿಯಲ್ಲಿ ಐವತ್ತಕ್ಕೂ ಹೆಚ್ಚು ಮಂದಿಯನ್ನು ಬಲಿತೆಗೆದುಕೊಂಡದ್ದು ಮೆಂತ್ಯದ ಮೊಳಕೆ. ಬೀಜಕ್ಕೆ 20,000 ಪಿಪಿಎಂ ಕ್ಯಾಲ್ಸಿಯಂ ಹೈಪೋಕ್ಲೋರೈಟ್ ಎಂದು ಅಮೆರಿಕದ ಮಾರ್ಗಸೂಚಿ 1999ರಲ್ಲಿ ಹೇಳಿತ್ತು. ಅದನ್ನು ಬೀದಿ ಬದಿಯ ಮಾರಾಟಗಾರರ ಕೈಗೆ ಕೊಡಲಾಗದು. ಬೀಜವನ್ನು ಬಿಸಿನೀರಿನಲ್ಲಿ ನೆನೆಸಿ ಮೊಳಕೆ ಬರುವ ಪ್ರಮಾಣ ಕೆಡದಂತೆ ಏನು ಮಾಡಬಹುದು ಎಂದು ಹೆಸರು, ಮಟಕಿ, ಮೆಂತ್ಯ ಮೂರಕ್ಕೂ ಬೇರೆಬೇರೆಯಾಗಿ ನೋಡಿ ಹೇಳಿ.

ಫಲಿತಾಂಶ ಬಂದಾಗ ದಯವಿಟ್ಟು ಅದನ್ನು ಪತ್ರಿಕೆಯ ಪಿಡಿಎಫ್ಫಿನೊಳಗೆ ಬಿಡಬೇಡಿ. ಮಾಲೀಕರಿಗೆ ಕನ್ನಡ ಬಂದೀತು, ಟಬ್ಬಿನ ಬಳಿ ನಿಲ್ಲುವ ಹುಡುಗ ಇಂದು ಒಡಿಶಾದವನು, ಉತ್ತರ ಪ್ರದೇಶದವನು, ಕುಂದಾಪುರದವನು ಒಬ್ಬಿಬ್ಬರು. ಹಿಂದಿ, ಮರಾಠಿ, ಕನ್ನಡ ಮೂರರಲ್ಲೂ ಇರಲಿ, ಪಿಪಿಎಂ ಬದಲು ‘ಈ ಕ್ಯಾನಿನ ಇಷ್ಟು ಮಿಲಿ’ ಎಂದಿರಲಿ, ಅಳೆಯುವ ಲೋಟದ ಚಿತ್ರವಿರಲಿ, ಒದ್ದೆ ಕೈಗೆ ಹರಿಯದ ಹಾಳೆಯಲ್ಲಿರಲಿ. ಫಲಿಸದ ಪ್ರಯೋಗಗಳನ್ನೂ ಹೇಳಿ, ಯಾವುದಕ್ಕೆ ದುಡ್ಡು ಹಾಕಬಾರದೆಂದು ತಿಳಿಯುವುದೂ ನಮಗೆ ಲಾಭವೇ.

ವಿದ್ಯಾರ್ಥಿಗಳನ್ನು ಕಳಿಸುವುದಾದರೆ ಜುಲೈಯಲ್ಲಿ ಕಳಿಸಿ, ಬೆಳಿಗ್ಗೆ ನಾಲ್ಕೂವರೆಗೆ, ಕೊತ್ತಂಬರಿಯ ಗೋಣಿ ಬಿಚ್ಚುವ ಹೊತ್ತಿಗೆ. ಬರುವಾಗ ಡಿಪಿಡಿ ಕಿಟ್, ಡಿಸ್ಟಿಲ್ಡ್ ನೀರು, ಪಿಎಚ್ ಮೀಟರು, ಥರ್ಮಾಮೀಟರು, ಥಯೋಸಲ್ಫೇಟ್ ಸಾಕಷ್ಟು ಹಾಕಿದ ಬಾಟಲಿಗಳು, ಐಸ್ ಪೆಟ್ಟಿಗೆ ಇರಲಿ. ಮೊದಲ ಮಾದರಿಯನ್ನು ಟಬ್ಬು ತುಂಬಿದ ಕೂಡಲೇ ತೆಗೆಯಿರಿ, ಆಮೇಲೆ ಪ್ರತಿ ಬುಟ್ಟಿಗೂ ಒಂದೊಂದು, ನಾವು ನೀರು ಬದಲಿಸುವವರೆಗೂ. ಪ್ಯಾಂಟು ಮಡಚಿಕೊಂಡು ಬರಲಿ, ಚಪ್ಪಲಿ ಜಾರದಿರಲಿ. ತಿಂಡಿ ನಮ್ಮದು.

ಇಂತಿ,
ಮುಂಬಯಿ ಮತ್ತು ಪುಣೆಯ ಅಡುಗೆಮನೆ, ತರಕಾರಿ ಘಟಕ, ಪ್ರಯೋಗಾಲಯಗಳ ಕನ್ನಡಿಗರು